ಸೂಜಿಯೋ, ಕತ್ತರಿಯೋ?

ತೂಕ ಇಳಿಸೋಕೆ ಈಗ ಎರಡು ದೊಡ್ಡ ದಾರಿಗಳ ಮಾತು ಕೇಳಿಬರ್ತಿದೆ. ಒಂದು, ವಾರಕ್ಕೊಮ್ಮೆ ಚುಚ್ಚಿಕೊಳ್ಳೋ ಇಂಜೆಕ್ಷನ್. ಇನ್ನೊಂದು, ಜಠರವನ್ನೇ ಚಿಕ್ಕದು ಮಾಡೋ ಬೇರಿಯಾಟ್ರಿಕ್ ಸರ್ಜರಿ. 2025ರ ಮಾರ್ಚ್‌ನಲ್ಲಿ ಮೌಂಜಾರೋ, ಜೂನ್‌ನಲ್ಲಿ ವಿಗೋವಿ ಭಾರತಕ್ಕೆ ಬಂದ ಮೇಲಂತೂ ಎಲ್ಲರದ್ದೂ ಒಂದೇ ಪ್ರಶ್ನೆ: ಯಾವುದರಲ್ಲಿ ಜಾಸ್ತಿ ಕೆಜಿ ಇಳಿಯುತ್ತೆ?

ಲೆಕ್ಕ ಬೇಕಾದ್ರೆ ಕೊಡ್ತೀನಿ. ವಿಗೋವಿಯಲ್ಲಿರೋದು ಸೆಮಾಗ್ಲುಟೈಡ್. ದೊಡ್ಡ ಪರೀಕ್ಷೆಯೊಂದರಲ್ಲಿ 68 ವಾರಕ್ಕೆ ಸರಾಸರಿ ಶೇ 15ರಷ್ಟು ತೂಕ ಇಳಿಯಿತು. ಮೌಂಜಾರೋದ ಗರಿಷ್ಠ ಡೋಸ್‌ನಲ್ಲಿ 72 ವಾರಕ್ಕೆ ಸುಮಾರು ಶೇ 20. ಸರ್ಜರಿಯಲ್ಲಿ ಸಾಮಾನ್ಯವಾಗಿ ಶೇ 25ರಿಂದ 30. ಹಾಗಾದ್ರೆ ಕತ್ತರಿ ಗೆದ್ದಿತಾ? ಅಷ್ಟು ಸುಲಭ ಇಲ್ಲ. ಇಳಿದ ಮೇಲೆ ಮುಂದೇನು ಅನ್ನೋದೇ ಅಸಲಿ ಪ್ರಶ್ನೆ.

ಇಂಜೆಕ್ಷನ್ ಒಂಥರಾ ಇಎಂಐ ಇದ್ದಂಗೆ. ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಇಳಿದ ತೂಕದ ಮೂರನೇ ಎರಡು ಭಾಗ ಒಂದೇ ವರ್ಷದಲ್ಲಿ ವಾಪಸ್ ಬಂತು. ಮೌಂಜಾರೋ ಬಂದಾಗ ಅತಿ ಕಡಿಮೆ ಡೋಸ್‌ನ ಒಂದು ವಯಲ್‌ಗೇ 3,500 ರೂಪಾಯಿ. ತಿಂಗಳಿಗೆ 14,000. ಮಗಳ ಕಾಲೇಜು ಫೀಸು, ಮನೆ ಸಾಲ ಇರೋ ಕುಟುಂಬ ಇದನ್ನು ಎಷ್ಟು ವರ್ಷ ಕಟ್ಟುತ್ತೆ? ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ 2026ರ ಮಾರ್ಚ್‌ವರೆಗೆ ಮಾತ್ರ. ಆಮೇಲೆ ಅಗ್ಗದ ಔಷಧಕ್ಕೆ ದಾರಿ ತೆರೆಯುತ್ತೆ, ಒಳ್ಳೇದೇ. ಆದರೆ ಬೆಲೆ ಇಳಿದಷ್ಟೂ ಡಾಕ್ಟರ್ ಚೀಟಿ ಇಲ್ಲದೆ ಚುಚ್ಚಿಕೊಳ್ಳೋ ಆಸೆ ಏರುತ್ತೆ. ಅದು ಅಪಾಯ.

ಸರ್ಜರಿಗೆ ದುಡ್ಡು ಒಂದೇ ಸಲ, ಜವಾಬ್ದಾರಿ ಜೀವನಪೂರ್ತಿ. ಸ್ಲೀವ್ ಸರ್ಜರಿಯಲ್ಲಿ ಜಠರದ ಮುಕ್ಕಾಲು ಭಾಗದಷ್ಟು ಕತ್ತರಿಸಿ ತೆಗೀತಾರೆ. ಅದನ್ನು ಮತ್ತೆ ಜೋಡಿಸೋಕೆ ಆಗಲ್ಲ. ಎರಡು ಮುದ್ದೆ ಉಣ್ಣುತ್ತಿದ್ದವರು ನಾಲ್ಕು ತುತ್ತಿಗೆ ನಿಲ್ಲಬೇಕು. ಬಿ12, ಕಬ್ಬಿಣ, ಕ್ಯಾಲ್ಸಿಯಂ ಬಿಡೋ ಹಾಗಿಲ್ಲ. ಹೊಲಿಗೆ ಸೋರಿಕೆ, ರಕ್ತಸ್ರಾವದಂಥ ತೊಂದರೆ ಅಪರೂಪ. ಆದರೆ ಇಲ್ಲವೇ ಇಲ್ಲ ಅಂತಲ್ಲ.

2022ರ ಮೇನಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸೋಕೆ ಹೋದ 21 ವರ್ಷದ ಕಿರುತೆರೆ ನಟಿಯೊಬ್ಬರು ಜೀವ ಕಳೆದುಕೊಂಡ ಸುದ್ದಿ ನಿಮಗೆ ನೆನಪಿರಬಹುದು. ಅದು ಅಂದಕ್ಕಾಗಿ ಮಾಡೋ ಚಿಕಿತ್ಸೆ. ಬೇರಿಯಾಟ್ರಿಕ್ ಸರ್ಜರಿ ಇರೋದು ಕಾಯಿಲೆಗಾಗಿ. ಎರಡನ್ನೂ ಒಂದೇ ಅಂದುಕೊಂಡು, ನಿಜಕ್ಕೂ ಬೇಕಾದವರು ಹೆದರಿ ದೂರ ಉಳೀತಾರೆ. ಬೇಡದವರು ಮದುವೆ ಫೋಟೋಗೆ ಅಂತ ಮುಂದೆ ಬರ್ತಾರೆ.

ಹಾಗಾದ್ರೆ ಯಾರಿಗೆ ಯಾವುದು? ಮೊದಲು ಬಿಎಂಐ ನೋಡಿ. ನಿಮ್ಮ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿ. 165 ಸೆಂಟಿಮೀಟರ್ ಎತ್ತರ, 110 ಕೆಜಿ ಇದ್ರೆ ಬಿಎಂಐ 40. ಬಿಎಂಐ 40 ದಾಟಿದ್ರೆ, ಅಥವಾ 35 ದಾಟಿ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದ್ರೋಗದಂಥ ಸಮಸ್ಯೆ ಇದ್ರೆ, ಕೆಲವು ಷರತ್ತುಗಳ ಮೇಲೆ ಆರೋಗ್ಯ ವಿಮೆಯಲ್ಲೂ ಸರ್ಜರಿಗೆ ಅವಕಾಶ ಇದೆ. ಮನೆಯಲ್ಲಿರೋ ಪಾಲಿಸಿ ತೆಗೆದು ಓದಿ. ಅದೇ ಎತ್ತರಕ್ಕೆ 85 ಕೆಜಿ ಇದ್ರೆ ಬಿಎಂಐ 31. ಅಂಥವರ ಲೆಕ್ಕವೇ ಬೇರೆ. ಊಟ, ನಡಿಗೆ, ಬೇಕಿದ್ರೆ ಔಷಧ, ಹೀಗೆ ಡಾಕ್ಟರ್ ಜೊತೆ ಕೂತು ಹೆಜ್ಜೆಹೆಜ್ಜೆಯಾಗಿ ಹೋಗಬಹುದು.

ಡಾಕ್ಟರ್ ಮುಂದೆ ಕೂತಾಗ ಮೂರು ಪ್ರಶ್ನೆ ಕೇಳಿ. ನಿಲ್ಲಿಸಿದ್ರೆ ಏನಾಗುತ್ತೆ? ಐದು ವರ್ಷಕ್ಕೆ ಒಟ್ಟು ಖರ್ಚೆಷ್ಟು? ನನಗೆ ಇದು ಬೇಡ ಅನ್ನೋಕೆ ಕಾರಣ ಇದೆಯಾ? ಮನೆಯಲ್ಲಿ ಯಾರಿಗಾದ್ರೂ ಥೈರಾಯ್ಡ್ ಕ್ಯಾನ್ಸರ್ ಆಗಿದ್ರೆ, ನಿಮಗೆ ಹಿಂದೆ ಮೇದೋಜೀರಕ ಗ್ರಂಥಿ ಊದಿಕೊಂಡಿದ್ರೆ, ಮಗು ಬೇಕು ಅಂದುಕೊಂಡಿದ್ರೆ ಮುಚ್ಚಿಡದೆ ಹೇಳಿ. ಉತ್ತರ ಕೊಡೋಕೆ ಪುರುಸೊತ್ತಿಲ್ಲದೆ ನೇರವಾಗಿ ಪ್ಯಾಕೇಜ್ ರೇಟ್ ಹೇಳೋ ಕಡೆಯಿಂದ ಎದ್ದು ಬನ್ನಿ.

ದಪ್ಪಗಿರೋದು ಅಪರಾಧ ಅಲ್ಲ, ಚಿಕಿತ್ಸೆ ತಗೊಳ್ಳೋದು ನಾಚಿಕೆನೂ ಅಲ್ಲ. ಆದರೆ ಸೂಜಿಯಾಗಲಿ, ಕತ್ತರಿಯಾಗಲಿ, ಅದರ ಜೊತೆ ಬಾಳಬೇಕಾದವರು ನೀವು. ನಿರ್ಧಾರನೂ ನಿಮ್ಮದೇ ಆಗಿರಲಿ.