ಹೆರೋದನ ಬೆನ್ನ ಹಿಂದೆ ಯಾರು?

(ಮುಗ್ಧ ಶಿಶುಗಳ ಹಬ್ಬದ ಪ್ರಬೋಧನೆ, ಡಿಸೆಂಬರ್ 28)



ಗೋದಲಿಯ ದೀಪಗಳು ಇನ್ನೂ ಆರಿಲ್ಲ. ಅಷ್ಟರಲ್ಲೇ ಧರ್ಮಸಭೆ ನಮ್ಮನ್ನು ಬೆತ್ಲೆಹೇಮಿನ ಅಳುವ ತಾಯಂದಿರ ಬಳಿಗೆ ಕರೆದೊಯ್ಯುತ್ತಿದೆ. ಸಿಂಹಾಸನ ಕೈತಪ್ಪೀತೆಂಬ ಭಯದಿಂದ ಹೆರೋದನು ಎಳೆಯ ಗಂಡುಮಕ್ಕಳನ್ನು ಕೊಲ್ಲಿಸಿದನೆಂದು ಸಂತ ಮತ್ತಾಯರ ಶುಭಸಂದೇಶದಲ್ಲಿ ಕೇಳಿದೆವು.

ಹೆರೋದನನ್ನು ಎಲ್ಲರೂ ಶಪಿಸುತ್ತೇವೆ. ಆದರೆ ಅವನಿಗೆ ಆ ಸಿಂಹಾಸನ ಕೊಟ್ಟವರು ಯಾರು? ಕ್ರಿ.ಪೂ. 40ರಲ್ಲಿ ಅವನನ್ನು ಅರಸನೆಂದು ಸಾರಿದ್ದು ರೋಮಿನ ಸೆನೆಟ್. ಜೆರುಸಲೇಮನ್ನು ಗೆದ್ದುಕೊಟ್ಟದ್ದು ರೋಮಿನ ಸೈನ್ಯ. ಸ್ವಂತ ಹೆಂಡತಿ ಮಕ್ಕಳನ್ನೇ ಕೊಲ್ಲಿಸಿದಾಗಲೂ ರೋಮ್ ಅವನನ್ನು ಕೆಳಗಿಳಿಸಲಿಲ್ಲ. ಅವನಿಂದ ರೋಮಿಗೆ ಪ್ರಯೋಜನವಿತ್ತು.

ಇಂಥದ್ದೇ ಕಥೆ ನಮ್ಮ ಕಾಲದಲ್ಲೂ ನಡೆಯಿತು. ಮಧ್ಯ ಅಮೆರಿಕದ ಎಲ್ ಸಾಲ್ವಡಾರ್ ಒಂದು ಪುಟ್ಟ ದೇಶ. ನ್ಯಾಯ ಕೇಳಿದ ಬಡವರನ್ನು ಅಲ್ಲಿನ ಸೈನ್ಯ ಕೊಲ್ಲುತ್ತಿತ್ತು. ಕಮ್ಯುನಿಸಂ ತಡೆಯುವ ಹೆಸರಿನಲ್ಲಿ ಅಮೆರಿಕ ಸರ್ಕಾರ ಆ ಸೈನ್ಯಕ್ಕೆ ನೆರವು ನೀಡುತ್ತಿತ್ತು. 1980ರ ಫೆಬ್ರವರಿ 17ರಂದು ಮಹಾಧರ್ಮಾಧ್ಯಕ್ಷ ಆಸ್ಕರ್ ರೊಮೆರೊರವರು ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರರಿಗೆ ಪತ್ರ ಬರೆದು, ಅವರ ಕ್ರೈಸ್ತ ವಿಶ್ವಾಸವನ್ನೇ ನೆನಪಿಸಿ, ಸೈನಿಕ ನೆರವು ಕೊಡಬೇಡಿರೆಂದು ಬೇಡಿಕೊಂಡರು. ನೆರವು ನಿಲ್ಲಲಿಲ್ಲ. ಮಾರ್ಚ್ 24ರಂದು ಬಲಿಪೂಜೆ ಅರ್ಪಿಸುತ್ತಿದ್ದಾಗಲೇ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು.

1981ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಎರಡು ವಾರವಿರುವಾಗ, ಅಮೆರಿಕದವರಿಂದ ತರಬೇತಿ ಪಡೆದ ಅಟ್ಲಾಕಾಟ್ಲ್ ದಳ ಎಲ್ ಮೊಸೊಟೆ ಎಂಬ ಹಳ್ಳಿಗೆ ನುಗ್ಗಿತು. 1992ರಲ್ಲಿ ಅಲ್ಲಿನ ದೇವಾಲಯದ ಪಕ್ಕದ ಕಟ್ಟಡದ ನೆಲ ಅಗೆದರು. ಗುರುತಿಸಲಾದ 143 ಮಂದಿಯ ಅಸ್ಥಿಗಳಲ್ಲಿ 131 ಹನ್ನೆರಡು ವರ್ಷದೊಳಗಿನ ಮಕ್ಕಳವು! ಆದರೆ 1982ರ ಜನವರಿಯಲ್ಲಿ, ಹತ್ಯೆಯ ಸುದ್ದಿ ಅಮೆರಿಕದ ಪತ್ರಿಕೆಗಳಲ್ಲಿ ಬಂದ ವಾರವೇ, ಆ ದೇಶ ಮಾನವ ಹಕ್ಕುಗಳನ್ನು ಕಾಪಾಡಲು ಶ್ರಮಿಸುತ್ತಿದೆಯೆಂದು ಅಮೆರಿಕ ಸರ್ಕಾರ ದೃಢೀಕರಿಸಿತ್ತು. ನೆರವು ಮತ್ತೆ ಹರಿಯಿತು.

1989ರ ನವೆಂಬರ್ 16ರಂದು ಅದೇ ದಳದ ಸೈನಿಕರು ಆರು ಮಂದಿ ಯೇಸುಸಭೆಯ ಗುರುಗಳನ್ನು, ಅವರ ಅಡುಗೆಯಾಕೆಯನ್ನು, ಆಕೆಯ ಎಳೆಯ ಮಗಳನ್ನು ಕೊಂದರು. ಆಗ ಅಮೆರಿಕದ ಕ್ರೈಸ್ತರೇ ತಮ್ಮ ಸರ್ಕಾರವನ್ನು ಲೆಕ್ಕ ಕೇಳಿದರು. ಸಂಸತ್ ಸದಸ್ಯ ಜೋ ಮೋಕ್ಲಿಯವರು ತನಿಖೆ ನಡೆಸಿ ಸೈನ್ಯದ ಅಧಿಕಾರಿಗಳತ್ತ ಬೆರಳು ತೋರಿಸಿದರು. 1990ರಲ್ಲಿ ಅಮೆರಿಕದ ಸಂಸತ್ತು ಸೈನಿಕ ನೆರವನ್ನು ಅರ್ಧಕ್ಕೆ ಇಳಿಸಿತು. 1992ರಲ್ಲಿ ಶಾಂತಿ ಒಪ್ಪಂದವಾಯಿತು. ಕೇಳುವವರಿದ್ದರೆ ರೋಮ್ ಕೂಡ ಉತ್ತರ ಕೊಡಬೇಕಾಗುತ್ತದೆ.

ಪ್ರಿಯರೇ, "ಕತ್ತಿ ನನ್ನದಲ್ಲ, ಹಣವಷ್ಟೇ ನನ್ನದು" ಎಂದು ದೇವರ ಮುಂದೆ ಹೇಳಲಾಗದು. ಕೈ ತೊಳೆದುಕೊಂಡ ಪಿಲಾತನ ಹೆಸರನ್ನು ನಾವು ವಿಶ್ವಾಸ ಸಂಗ್ರಹದಲ್ಲಿ ಇಂದಿಗೂ ಉಚ್ಚರಿಸುತ್ತೇವೆ. ನಮ್ಮ ಮನೆಗಳಲ್ಲೂ ನೋಡಿಕೊಳ್ಳೋಣ. ಕುಡಿದು ಹೆಂಡತಿಗೆ ಹೊಡೆಯುವವನನ್ನು, ಬಡವನ ಜಾಗ ಕಬಳಿಸಿದವನನ್ನು, ನಮ್ಮವನೆಂಬ ಒಂದೇ ಕಾರಣಕ್ಕೆ ಬೆಂಬಲಿಸಿದ್ದೇವೆಯೇ? ಹಾಗಿದ್ದರೆ ಆ ಬೆಂಬಲವನ್ನು ಇಂದೇ ಹಿಂತೆಗೆದುಕೊಳ್ಳೋಣ.

2018ರಲ್ಲಿ ಜಗದ್ಗುರು ಫ್ರಾನ್ಸಿಸರು ರೊಮೆರೊರವರನ್ನು ಸಂತರೆಂದು ಸಾರಿದರು. ಬಲಿಷ್ಠರನ್ನು ವಿನಯದಿಂದ, ಆದರೆ ಅಂಜದೆ ಪ್ರಶ್ನಿಸುವ ವರವನ್ನು ಆ ಸಂತರ ಮತ್ತು ಬೆತ್ಲೆಹೇಮಿನ ಶಿಶುಗಳ ಬಿನ್ನಹದ ಮೂಲಕ ಪ್ರಭು ನಮಗೆ ದಯಪಾಲಿಸಲಿ. ಆಮೆನ್.