ಆಕಾಶದಲ್ಲಿ ಮೊಳೆತ ಹೆಸರುಕಾಳು

ಮಕ್ಕಳೇ, 2025ರ ಜೂನ್ ತಿಂಗಳು. ಧಾರವಾಡ ಸೀಮೆಯ ಎರೆಹೊಲಗಳಲ್ಲಿ ಮುಂಗಾರಿನ ಹೆಸರು ಬಿತ್ತುವ ಕಾಲ. ಅದೇ ತಿಂಗಳ 25ರಂದು ನಮ್ಮ ದೇಶದ ಶುಭಾಂಶು ಶುಕ್ಲಾ ಅವರು ಅಮೆರಿಕದ ಫ್ಲಾರಿಡಾದಿಂದ ರಾಕೆಟ್ ಏರಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟರು. ಅಲ್ಲಿ ಅವರು ಮಾಡಬೇಕಿದ್ದ ಕೆಲಸಗಳಲ್ಲಿ ಒಂದು ಯಾವುದು ಗೊತ್ತೇ? ಹೆಸರುಕಾಳಿಗೂ ಮೆಂತ್ಯಕಾಳಿಗೂ ನೀರು ಹಾಕಿ ಮೊಳಕೆ ಬರಿಸುವುದು. ಆ ಪ್ರಯೋಗ ಕಟ್ಟಿಕೊಟ್ಟವರು ನಮ್ಮ ಧಾರವಾಡದವರು: ಕೃಷಿ ವಿಶ್ವವಿದ್ಯಾಲಯದ ರವಿಕುಮಾರ ಹೊಸಮನಿ ಮತ್ತು ಐಐಟಿಯ ಸುಧೀರ್ ಸಿದ್ದಾಪುರೆಡ್ಡಿ. ನಿಮ್ಮ ಮನೆಯ ಹಿರಿಯರು ಕೃಷಿ ಮೇಳಕ್ಕೆಂದು ಹೋಗಿಬರುತ್ತಾರಲ್ಲ, ಅದೇ ವಿಶ್ವವಿದ್ಯಾಲಯ.

ಬಾಹ್ಯಾಕಾಶ ನಿಲ್ದಾಣ ಎಷ್ಟು ದೂರ? ನಮ್ಮ ಹಾವೇರಿ ಸೀಮೆಯ ತಡಸ ಕ್ರಾಸಿನಲ್ಲಿ ನಿಂತರೆ ಬೆಂಗಳೂರಿಗೆ ಹೋಗುವ ಬಸ್ಸುಗಳು ಕಾಣುತ್ತವೆ. ಅಲ್ಲಿಂದ ಬೆಂಗಳೂರಿಗೆ ಹತ್ತಿರಹತ್ತಿರ 400 ಕಿ.ಮೀ. ಆ ರಸ್ತೆಯನ್ನು ಎತ್ತಿ ನೆಟ್ಟಗೆ ಆಕಾಶಕ್ಕೆ ನಿಲ್ಲಿಸಿದಿರಿ ಎನ್ನಿ, ಬೆಂಗಳೂರು ಇರಬೇಕಾದ ಜಾಗದಲ್ಲಿ ನಿಲ್ದಾಣ ಸಿಗುತ್ತದೆ. ಚಂದ್ರನನ್ನು ಮುಟ್ಟಬೇಕಾದರೆ ಅಂಥ ರಸ್ತೆಗಳನ್ನು ಸುಮಾರು ಸಾವಿರ ಸಲ ಒಂದರ ಮೇಲೊಂದು ನಿಲ್ಲಿಸಬೇಕು.

ಅಷ್ಟು ದೂರಕ್ಕೂ ಮನುಷ್ಯ ಹೋಗಿಬಂದಿದ್ದಾನೆ. 1969ರ ಜುಲೈಯಿಂದ 1972ರ ಡಿಸೆಂಬರ್‌ವರೆಗೆ ಅಮೆರಿಕದ ಅಪೋಲೋ ನೌಕೆಗಳು ಆರು ಸಲ ಚಂದ್ರನ ಮೇಲೆ ಇಳಿದವು. ಒಟ್ಟು 12 ಜನ ಅಲ್ಲಿ ನಡೆದಾಡಿದರು, 382 ಕಿಲೋ ಕಲ್ಲು ಮಣ್ಣು ತಂದರು. "ಮತ್ತ ಅವರು ಅಲ್ಲೇ ಯಾಕ ಉಳೀಲಿಲ್ರೀ?" ಎಂದು ನೀವು ಕೇಳುವುದು ಸರಿಯಾದ ಪ್ರಶ್ನೆಯೇ. ಕೊನೆಯವರಾದ ಅಪೋಲೋ 17ರವರು ಕೂಡ ಚಂದ್ರನ ನೆಲದಲ್ಲಿ ಇದ್ದದ್ದು ಮೂರು ದಿನ, ಸುಮಾರು 75 ತಾಸು. ಉಸಿರಾಡುವ ಗಾಳಿ, ಕುಡಿಯುವ ನೀರು, ತಿನ್ನುವ ಅನ್ನ ಎಲ್ಲವನ್ನೂ ಬುತ್ತಿ ಕಟ್ಟಿಕೊಂಡು ಹೋದ ಹಾಗೆ ಇಲ್ಲಿಂದಲೇ ಒಯ್ಯಬೇಕಿತ್ತು. ಬುತ್ತಿ ತೀರುವುದರೊಳಗೆ ಊರು ಸೇರಬೇಕಲ್ಲ.

ತಿಂಗಳುಗಟ್ಟಲೆ ಇರಬೇಕಾದರೆ ಒಂದು ಮನೆ ಬೇಕು. ಅಂಥ ಮೊದಲ ಮನೆಯನ್ನು ಸೋವಿಯತ್ ಒಕ್ಕೂಟ 1971ರ ಏಪ್ರಿಲ್ 19ರಂದು ಹಾರಿಸಿತು. ಅದರ ಹೆಸರು ಸಲ್ಯೂತ್ 1. ದೊಬ್ರೊವೊಲ್‌ಸ್ಕಿ, ವೋಲ್ಕೊವ್, ಪತ್ಸಾಯೆವ್ ಎಂಬ ಮೂವರು ಅದರೊಳಗೆ ಮೂರು ವಾರಕ್ಕೂ ಹೆಚ್ಚು ಇದ್ದರು. ಅಲ್ಲೊಂದು ಪುಟ್ಟ ತೋಟವೂ ಇತ್ತು, ಅದರಲ್ಲಿ ಅಗಸೆಯ ಸಸಿ. ನಮ್ಮ ರೊಟ್ಟಿಗೆ ನಂಜಿಕೊಳ್ಳುವ ಅಗಸಿ ಹಿಂಡಿ ಇದೆಯಲ್ಲ, ಅದೇ ಅಗಸೆ! ಮನುಷ್ಯ ಆಕಾಶದಲ್ಲಿ ಮೊದಲ ಮನೆ ಕಟ್ಟಿದಾಗಲೇ ಅಂಗಳದಲ್ಲಿ ಗಿಡ ಹಾಕಿದ್ದಾನೆ. ನನಗೆ ಇದು ಬಹಳ ಪ್ರೀತಿಯ ಸಂಗತಿ. ಆದರೆ ಆ ಮೂವರು ಜೀವಂತ ಮರಳಲಿಲ್ಲ. ವಾಪಸು ಬರುವಾಗ ಅವರ ಸೋಯುಜ್ ನೌಕೆಯ ಒಂದು ಕವಾಟ ಹೊತ್ತಲ್ಲದ ಹೊತ್ತಿನಲ್ಲಿ ತೆರೆದುಕೊಂಡು ಒಳಗಿನ ಗಾಳಿಯೆಲ್ಲ ಸೋರಿಹೋಯಿತು. ಅವರು ಒತ್ತಡ ಕಾಯುವ ಉಡುಪು ತೊಟ್ಟಿರಲಿಲ್ಲ. ಆಮೇಲಿನ ಸೋಯುಜ್ ಯಾತ್ರಿಕರು ಏರುವಾಗಲೂ ಇಳಿಯುವಾಗಲೂ ಅದನ್ನು ತೊಡುತ್ತಾರೆ.

1973ರಲ್ಲಿ ಅಮೆರಿಕ ಸ್ಕೈಲ್ಯಾಬ್ ಎಂಬ ನಿಲ್ದಾಣ ಹಾರಿಸಿತು. ಅದು 1979ರ ಜುಲೈಯಲ್ಲಿ ಕೆಳಗೆ ಬೀಳುವಾಗ ನಮ್ಮ ದೇಶದಲ್ಲೂ ಜನ ಹೆದರಿದ್ದರು. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಕೇಳಿ ನೋಡಿ, ನೆನಪಿದ್ದೀತು. ಅದರ ಚೂರುಗಳು ಬಿದ್ದದ್ದು ಹಿಂದೂ ಮಹಾಸಾಗರದಲ್ಲಿ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ. 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಅವರು ಸಲ್ಯೂತ್ 7ಕ್ಕೆ ಹೋದರು. ಆಕಾಶಕ್ಕೆ ಹೋದ ಮೊದಲ ಭಾರತೀಯ ಅವರೇ. ಅವರ ಊಟದ ಪೊಟ್ಟಣಗಳನ್ನು ಸಿದ್ಧಮಾಡಿದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ. ಅವರ ನಂತರ 41 ವರ್ಷಕ್ಕೆ ಹೋದ ಶುಕ್ಲಾ ಅವರು ತಮ್ಮ ಜೊತೆ ಹೆಸರುಬೇಳೆ ಹಲ್ವಾ ಒಯ್ದಿದ್ದರು. ಹೆಸರು ಒಂದು ಕಡೆ ತಿನ್ನಲಿಕ್ಕೆ, ಇನ್ನೊಂದು ಕಡೆ ಮೊಳೆಯಲಿಕ್ಕೆ!

ಈಗ ಮೊಳಕೆಯ ವಿಷಯಕ್ಕೆ ಬರೋಣ. ಹೆಸರುಕಾಳನ್ನು ಮಣ್ಣಿನಲ್ಲಿ ಹೇಗೇ ಹಾಕಿ, ತಲೆಕೆಳಗಾಗಿ ಬಿದ್ದರೂ ಬೇರು ಕೆಳಕ್ಕೇ ಹೋಗುತ್ತದೆ. ಕತ್ತಲಲ್ಲಿ ಕೂತ ಬೇರಿಗೆ ಕೆಳಗೆ ಯಾವುದು ಎಂದು ಹೇಳಿದವರು ಯಾರು? ಬೇರಿನ ತುದಿಯಲ್ಲಿ ಟೊಪ್ಪಿಗೆಯಂಥ ಒಂದು ಭಾಗ ಇದೆ. ಅಲ್ಲಿನ ಕೆಲವು ಜೀವಕೋಶಗಳಲ್ಲಿ ಪಿಷ್ಟದ ಸಣ್ಣ ಸಣ್ಣ ಹರಳುಗಳಿರುತ್ತವೆ. ಕೊಡದ ತಳಕ್ಕೆ ಮರಳು ಇಳಿದ ಹಾಗೆ ಅವು ಜೀವಕೋಶದ ತಳಕ್ಕೆ ಇಳಿದು ಕೂರುತ್ತವೆ. ಅವು ಎತ್ತ ಕೂತವೋ ಅತ್ತ ಬೇರು ತಿರುಗುತ್ತದೆ.

ನಿಲ್ದಾಣದಲ್ಲಿ ಆ ಹರಳುಗಳು ಇಳಿಯುವುದಿಲ್ಲ. ಭೂಮಿಯ ಸೆಳೆತ ಅಲ್ಲಿ ಇಲ್ಲವೆಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, ಸೆಳೆತ ನಮ್ಮ ನೆಲದಲ್ಲಿ ಇರುವುದರ ಮುಕ್ಕಾಲು ಪಾಲಿಗಿಂತ ಜಾಸ್ತಿಯೇ ಅಲ್ಲಿದೆ. ಆದರೆ ನಿಲ್ದಾಣ ಸದಾ ಭೂಮಿಯ ಕಡೆಗೆ ಬೀಳುತ್ತಲೇ ಇದೆ. ಸೆಕೆಂಡಿಗೆ ಏಳೂವರೆ ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಮುಂದಕ್ಕೂ ಓಡುತ್ತಿರುವುದರಿಂದ ನೆಲ ಮುಟ್ಟದೆ ಸುತ್ತು ಹಾಕುತ್ತದೆ. ಒಳಗಿನ ಮನುಷ್ಯ, ನೀರು, ಕಾಳು ಎಲ್ಲವೂ ಕೂಡಿಯೇ ಬೀಳುತ್ತಿರುವುದರಿಂದ ಯಾವುದಕ್ಕೂ ತಳ ಸಿಗುವುದಿಲ್ಲ. ಖಾಲಿ ಪ್ಲಾಸ್ಟಿಕ್ ಬಾಟಲಿಯ ಕೆಳಭಾಗದಲ್ಲಿ ತೂತು ಮಾಡಿ ನೀರು ತುಂಬಿ, ಮುಚ್ಚಳ ತೆಗೆದಿಡಿ. ನೀರು ಚಿಮ್ಮುತ್ತದೆ. ದೊಡ್ಡವರೊಬ್ಬರು ಅದನ್ನು ಎತ್ತರದಿಂದ ಬಿಡಲಿ. ಬೀಳುವಷ್ಟು ಹೊತ್ತು ತೂತಿನಿಂದ ನೀರು ಬರುವುದಿಲ್ಲ. ನೀರೂ ಬಾಟಲಿಯೂ ಜೊತೆಗೆ ಬೀಳುತ್ತಿವೆ, ಅಷ್ಟೇ.

ಅಂಥ ಕಡೆ ಬೇರು ಎತ್ತ ಹೋದೀತು? ಮೊಳಕೆಯಲ್ಲಿ ಸತ್ವ ಇದ್ದಷ್ಟೇ ಇದ್ದೀತೇ? ಕಾಳಿನ ಮೇಲಿನ ಸೂಕ್ಷ್ಮಜೀವಿಗಳು ಏನಾದಾವು? ಧಾರವಾಡದವರು ತಿಳಿಯಬಯಸಿದ್ದು ಇಂಥದ್ದನ್ನೇ. ಶುಕ್ಲಾ ಅವರು ಗಾಜಿನ ಬಿಲ್ಲೆಯಂಥ ಪುಟ್ಟ ತಟ್ಟೆಗಳಲ್ಲಿ ಕಾಳು ಮೊಳೆಸಿ, ಮೊಳಕೆಗಳನ್ನು ಶೀತಪೆಟ್ಟಿಗೆಯಲ್ಲಿ ಇಟ್ಟರು. ಜುಲೈ 15ರಂದು ಭೂಮಿಗೆ ಮರಳಿದರು. ಅಷ್ಟಕ್ಕೂ ಮೊಳಕೆಯೇ ಏಕೆ? ತಾಜಾ ಮೊಳಕೆ ಕೊಡುವ ಜೀವಸತ್ವ ಪೊಟ್ಟಣದ ಊಟದಲ್ಲಿ ಬಹುಕಾಲ ಉಳಿಯುವುದಿಲ್ಲ. ಮೊಳಕೆಗೆ ಹೊಲ ಬೇಡ, ಗೊಬ್ಬರ ಬೇಡ, ಹಿಡಿ ಕಾಳು, ಗುಟುಕು ನೀರು ಸಾಕು. ದೂರದ ಯಾತ್ರೆಗೆ ಇದಕ್ಕಿಂತ ಒಳ್ಳೆಯ ಬುತ್ತಿ ನನಗಂತೂ ತೋಚುವುದಿಲ್ಲ.

ಚಂದ್ರನ ನೆಲದಲ್ಲೂ ಒಂದು ಬೀಜ ಮೊಳೆತಿದೆ. 2019ರ ಜನವರಿಯಲ್ಲಿ ಚೀನಾದ ಚಾಂಗ್‌ಎ 4 ನೌಕೆ ಒಯ್ದ ಮುಚ್ಚಿದ ಡಬ್ಬಿಯೊಳಗೆ ಹತ್ತಿಬೀಜ ಎಲೆ ಬಿಟ್ಟಿತು. ನಮ್ಮ ಹಾವೇರಿ ಸೀಮೆಯ ಹೊಲದಲ್ಲಿ ಬೆಳೆಯುವ ಹತ್ತಿಯೇ. ಆದರೆ ಚಂದ್ರನ ರಾತ್ರಿ ನಮ್ಮ 14 ದಿನಗಳಷ್ಟು ಉದ್ದ, ಭಯಂಕರ ಚಳಿ. ಆ ಸಸಿ ಮೊದಲ ರಾತ್ರಿಯನ್ನೇ ದಾಟಲಿಲ್ಲ.

ಇವತ್ತು ಸಂಜೆ ಹತ್ತು ಹೆಸರುಕಾಳು ನೆನೆಹಾಕಿ. ನಾಳೆ ಗಾಜಿನ ಲೋಟದ ಒಳಗೋಡೆಗೂ ಒದ್ದೆ ಅರಳೆಗೂ ನಡುವೆ ಅವನ್ನು ಸಿಕ್ಕಿಸಿ, ಅರಳೆ ಒಣಗದಂತೆ ನೋಡಿಕೊಳ್ಳಿ. ಬೇರು ಬೆರಳುಗುರಿನಷ್ಟು ಇಳಿದ ಮೇಲೆ ಲೋಟವನ್ನು ಅಡ್ಡ ಮಲಗಿಸಿ. ಮರುದಿನ ಬೇರು ಯಾವ ಕಡೆ ಹೊರಳಿದೆಯೋ ನೋಡಿ, ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ತಾರೀಖು ಹಾಕಿಡಿ.