ನೆರವು ಪಡೆಯಲು ಸಂಕೋಚವೇಕೆ?

(ಒಳರೋಗಿಗಳಿಗೂ ಅವರ ಬಂಧುಗಳಿಗೂ ನೀಡಿದ ಉಪನ್ಯಾಸ)



ಹಾಸಿಗೆ ಹಿಡಿದವರನ್ನು ಕಾಯಿಲೆಯಷ್ಟೇ ಕಾಡುವ ಕೊರಗೊಂದಿದೆ: "ಎಲ್ಲರಿಗೂ ಭಾರವಾದೆನಲ್ಲ." ಪಕ್ಕದ ಹಾಸಿಗೆಯವರ ಮಗ ಬಿಸಿನೀರು ತಂದುಕೊಟ್ಟರೂ ಸಂಕೋಚ. ಗುರುತಿಲ್ಲದವರು ರಕ್ತ ಕೊಟ್ಟರಂತೂ ಮನಸ್ಸು ಕುಗ್ಗುತ್ತದೆ. ಇವರೆಲ್ಲ ನಮಗೇಕೆ ಸಹಾಯ ಮಾಡುತ್ತಾರೆಂದು ನೀವೂ ಯೋಚಿಸಿರಬಹುದು.

ಉತ್ತರಕ್ಕೆ ದೂರ ಹೋಗಬೇಕಿಲ್ಲ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ತಮ್ಮ ಗೆಳೆಯರೊಂದಿಗೆ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯನ್ನು ಆರಂಭಿಸಿದರು. ಅವರಿನ್ನೂ ಓದುತ್ತಿದ್ದ ಹುಡುಗರು. ಔಷಧಿ ಕಂಪನಿಗಳು ವೈದ್ಯರಿಗೆ ಕೊಡುವ ಸ್ಯಾಂಪಲ್ ಔಷಧಿಗಳನ್ನು ಕೂಡಿಸಿ ಬಡರೋಗಿಗಳಿಗೆ ತಲುಪಿಸಿದರು, ರಕ್ತದಾನ ಏರ್ಪಡಿಸಿದರು. 1987ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಬ್ರಹ್ಮಗಿರಿ ಹಾಡಿಯಲ್ಲಿ ಗಿರಿಜನರಿಗೆ ಚಿಕಿತ್ಸೆ ನೀಡತೊಡಗಿದರು. ಮುಂದೆ ಸರಗೂರಿನಲ್ಲಿ ಆಸ್ಪತ್ರೆ, ಹೊಸಹಳ್ಳಿಯಲ್ಲಿ ಗಿರಿಜನ ಮಕ್ಕಳ ಶಾಲೆ ಬಂದವು. ಆ ಸಂಸ್ಥೆಯ ಕೇಂದ್ರವೊಂದು ನಮ್ಮ ಹೆಬ್ಬಾಳದಲ್ಲೂ ಇದೆ.

ಕೈತುಂಬ ಹಣವಿದ್ದು ಶುರುವಾದ ಕೆಲಸ ಇದಲ್ಲ. ಕಣ್ಣೆದುರಿನ ಕಷ್ಟ ಮನಸ್ಸಿಗೆ ನಾಟಿತು, ಕೈಲಾದದ್ದನ್ನು ಮಾಡಿದರು. ಸೇವೆಗೆ ಬರುವ ಹೆಚ್ಚಿನವರ ಕಥೆಯೂ ಹೀಗೆಯೇ. ಕೆಲವರು ಹಿಂದೆ ತಾವು ಪಡೆದ ನೆರವನ್ನು ನೆನೆದು ಬರುತ್ತಾರೆ. ಕೆಲವರು ಗೆಳೆಯರು ಕರೆದರೆಂದು ಬರುತ್ತಾರೆ. ಒಮ್ಮೆ ಮಾಡಿದಾಗ ಸಿಕ್ಕ ನೆಮ್ಮದಿ ಅವರನ್ನು ಮತ್ತೆ ಕರೆತರುತ್ತದೆ. ಅಂದರೆ, ನೆರವು ಪಡೆಯುವ ನೀವು ಅವರಿಗೂ ಏನೋ ಕೊಡುತ್ತಿದ್ದೀರಿ. ಶರಣರು ಹೇಳಿದ ದಾಸೋಹದಲ್ಲಿ ನೀಡುವವನಿಗೆ ಹೆಮ್ಮೆ ಸಲ್ಲದು; ಹಾಗಿದ್ದಮೇಲೆ ಪಡೆಯುವವನಿಗೆ ನಾಚಿಕೆ ಏಕೆ?

ಆದ್ದರಿಂದ ಕುಗ್ಗದೆ ನೆರವು ಪಡೆಯಿರಿ. ಋಣ ತೀರಿಸಬೇಕೆನಿಸಿದರೆ ಇನ್ನೊಬ್ಬರಿಗೆ ನೆರವಾಗಿ. ಹೊಸದಾಗಿ ಬಂದವರಿಗೆ ಔಷಧಿ ಅಂಗಡಿ, ಎಕ್ಸರೇ ಕೊಠಡಿ ತೋರಿಸಿ. ಓದಲು ಬಾರದವರಿಗೆ ಚೀಟಿ ಓದಿ ಹೇಳಿ. ಒಬ್ಬಂಟಿಯಾಗಿರುವವರ ಬಳಿ ಹತ್ತು ನಿಮಿಷ ಕುಳಿತು ಮಾತನಾಡಿ. ಜೊತೆಗೆ ಬಂದಿರುವ ಆರೋಗ್ಯವಂತರು ರಕ್ತದಾನ ಮಾಡಬಹುದು. ವಯಸ್ಸು 18ರಿಂದ 65 ಇರಬೇಕು, ತೂಕ ಕನಿಷ್ಠ 45 ಕಿಲೋ ಇರಬೇಕು. ಒಮ್ಮೆ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಬಿಟ್ಟು ಮತ್ತೆ ಕೊಡಬಹುದು. ಕೊಡಬಹುದೇ ಇಲ್ಲವೇ ಎಂಬುದನ್ನು ವೈದ್ಯರು ಪರೀಕ್ಷಿಸಿ ಹೇಳುತ್ತಾರೆ.

ಒಂದು ಎಚ್ಚರಿಕೆ: ಪ್ರೀತಿಯಿಂದಲೇ ಆದರೂ ನಿಮ್ಮ ಮಾತ್ರೆಗಳನ್ನು ಬೇರೆಯವರಿಗೆ ಕೊಡಬೇಡಿ. ಬೇರೆ ರೋಗಿಗೆ ಊಟ, ನೀರು ಕೊಡುವ ಮುನ್ನ ಸಿಸ್ಟರ್‌ರವರನ್ನು ಕೇಳಿ.

ಬೇಗ ಗುಣಮುಖರಾಗಿ ಮನೆಗೆ ಹೋಗಿ. ನಿಮ್ಮ ಬೀದಿಯಲ್ಲಿ ಯಾರಾದರೂ ಹಾಸಿಗೆ ಹಿಡಿದಾಗ, ಇಲ್ಲಿ ನಿಮಗೆ ಬಿಸಿನೀರು ತಂದುಕೊಟ್ಟ ಹುಡುಗನನ್ನು ನೆನೆಯಿರಿ.